ಓವರ್‌ಡ್ರಾಫ್ಟ್ ಶುಲ್ಕದ ದಾವೆ: ರಾಜಿಯಿಂದ ಗ್ರಾಹಕನಿಗೆ ದಕ್ಕಿದ್ದೇನು?

ಪರ

ಖಾತೆಯಲ್ಲಿ 100 ಡಾಲರ್ ಇದೆ ಎನ್ನಿ. ಬೆಳಗಿನಿಂದ 5, 10, 15, 20 ಡಾಲರಿನ ನಾಲ್ಕು ಸಣ್ಣ ಖರ್ಚು, ಸಂಜೆಗೆ 95 ಡಾಲರಿನ ಒಂದು ದೊಡ್ಡ ಖರ್ಚು. ನಡೆದ ಕ್ರಮದಲ್ಲೇ ಕಳೆಯುತ್ತ ಹೋದರೆ ಹಣ ಸಾಲದೆ ಬರುವುದು ಕೊನೆಯ ಒಂದಕ್ಕೆ ಮಾತ್ರ. 35 ಡಾಲರ್ ಶುಲ್ಕ ತೆತ್ತರೆ ಮುಗಿಯಿತು. ಅಮೆರಿಕದ ಹಲವು ದೊಡ್ಡ ಬ್ಯಾಂಕುಗಳ ಲೆಕ್ಕ ಬೇರೆಯಿತ್ತು. ದಿನದ ಕೊನೆಗೆ ಅವುಗಳ ಕಂಪ್ಯೂಟರ್ ದೊಡ್ಡ ಮೊತ್ತವನ್ನು ಮೊದಲು ಕಳೆಯುತ್ತಿತ್ತು. 95 ಹೋದ ಮೇಲೆ ಉಳಿದ 5 ಡಾಲರ್, ಸಾಲಿನಲ್ಲಿ ಮುಂದೆ ನಿಂತ 20ಕ್ಕೆ ಸಾಲದು. ಆಮೇಲಿನ ಮೂರಕ್ಕಂತೂ ಏನೂ ಇಲ್ಲ. ಹೀಗೆ ನಾಲ್ಕು ಶುಲ್ಕ, 140 ಡಾಲರ್. ಗ್ರಾಹಕ ಮಿತಿ ಮೀರಿದ್ದು 45 ಡಾಲರಿನಷ್ಟು, ತೆತ್ತದ್ದು ಅದರ ಮೂರು ಪಟ್ಟು.

ಇಷ್ಟು ಹಣಕ್ಕಾಗಿ ಯಾರೂ ಒಬ್ಬರೇ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ, ವಕೀಲರೂ ಸಿಗುವುದಿಲ್ಲ. ಕೋಟಿ ಜನರಿಂದ ಇಷ್ಟಿಷ್ಟೇ ತೆಗೆದುಕೊಳ್ಳುವ ವ್ಯವಹಾರವನ್ನು ಪ್ರಶ್ನಿಸಲು ಆ ಕೋಟಿ ಜನ ಒಂದೇ ದಾವೆಯಲ್ಲಿ ಸೇರಬೇಕು. 2009ರಲ್ಲಿ ಬೇರೆಬೇರೆ ರಾಜ್ಯಗಳ ಇಂಥ ಮೊಕದ್ದಮೆಗಳನ್ನು ಒಟ್ಟುಗೂಡಿಸಿ ಮಯಾಮಿಯಲ್ಲಿ ನ್ಯಾಯಾಧೀಶ ಜೇಮ್ಸ್ ಲಾರೆನ್ಸ್ ಕಿಂಗ್ ಅವರ ಮುಂದಿಡಲಾಯಿತು. ಒಂದರ ಹಿಂದೊಂದು ಬ್ಯಾಂಕು ರಾಜಿಗೆ ಬಂತು. ಬ್ಯಾಂಕ್ ಆಫ್ ಅಮೆರಿಕ 41 ಕೋಟಿ ಡಾಲರ್, ಜೆಪಿ ಮೋರ್ಗನ್ ಚೇಸ್ 11 ಕೋಟಿ. ಸಾಮೂಹಿಕ ದಾವೆಯ ಹಣ ಜನರನ್ನು ಮುಟ್ಟುವುದೇ ಇಲ್ಲ, ಅರ್ಜಿ ಹಾಕುವವರೇ ಕಡಿಮೆ ಎಂಬ ಆಕ್ಷೇಪ ಹಳೆಯದು. ಬೇರೆ ಕಡೆ ಅದು ನಿಜವೂ ಹೌದು. ಬ್ಯಾಂಕ್ ಆಫ್ ಅಮೆರಿಕ ರಾಜಿಯಲ್ಲಿ ಮಾತ್ರ ಅರ್ಜಿಯೇ ಇರಲಿಲ್ಲ. ಯಾರಿಂದ ಎಷ್ಟು ಹೆಚ್ಚಿಗೆ ಕಿತ್ತಿತ್ತೆಂಬುದು ಬ್ಯಾಂಕಿನ ಕಡತದಲ್ಲೇ ಇತ್ತು. ಅದೇ ದಾಖಲೆಯಿಂದ ಲೆಕ್ಕ ತೆಗೆದು ಹಣ ಹಂಚಲಾಯಿತು.

ಬ್ಯಾಂಕು ಈ ಪದ್ಧತಿಯಿಂದ ಗಳಿಸಿದ್ದು 450 ಕೋಟಿ ಡಾಲರ್, ಹಿಂದಿರುಗಿಸಿದ್ದು ಅದರ ಹತ್ತನೇ ಒಂದು ಭಾಗವೂ ಅಲ್ಲ ಎಂದು ರಾಜಿಯನ್ನು ವಿರೋಧಿಸಿದ ಕೆಲವು ಗ್ರಾಹಕರ ವಕೀಲರು ವಾದಿಸಿದರು. ಹಾಗಾದರೆ ರಾಜಿಯಾಗದೆ ಹೋರಾಡಿದವರಿಗೆ ಏನಾಯಿತು ನೋಡೋಣ. ವೆಲ್ಸ್ ಫಾರ್ಗೊ ರಾಜಿಗೆ ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದ ಗ್ರಾಹಕರಿಗೆ 20.3 ಕೋಟಿ ಡಾಲರ್ ಕೊಡಬೇಕೆಂದು 2010ರಲ್ಲಿ ತೀರ್ಪಾಯಿತು. ಮೇಲ್ಮನವಿ, ಮರುವಿಚಾರಣೆ, ಮತ್ತೆ ಮೇಲ್ಮನವಿಯೆಂದು ಓಡಾಡಿ ಅದು ಗಟ್ಟಿಯಾದದ್ದು ಸುಪ್ರೀಂ ಕೋರ್ಟ್ ಕೈ ಹಾಕಲು ನಿರಾಕರಿಸಿದ 2016ರಲ್ಲಿ. ಮಯಾಮಿಯ ದಾವೆಯಲ್ಲಿದ್ದ ಅದೇ ಬ್ಯಾಂಕಿನ ಗ್ರಾಹಕರ ಪಾಡು ಇನ್ನೂ ಕೆಟ್ಟದು. ಹೆಸರು ಕೊಟ್ಟು ದಾವೆ ಹೂಡಿದ ಕೆಲವರನ್ನು ಬಿಟ್ಟು ಉಳಿದವರನ್ನು ಖಾಸಗಿ ಮಧ್ಯಸ್ಥಿಕೆಗೆ ಕಳಿಸುವ ಹಕ್ಕನ್ನು ಬ್ಯಾಂಕು ಕಳೆದುಕೊಂಡಿಲ್ಲ ಎಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ರಾಜಿಯನ್ನು ಪೂರ್ಣ ನ್ಯಾಯದ ಪಕ್ಕದಲ್ಲಿಟ್ಟು ಅಳೆದರೆ ಅದು ಕುಳ್ಳಾಗಿಯೇ ಕಾಣುತ್ತದೆ. ಅಳೆಯಬೇಕಾದದ್ದು ಈ ಬರಿಗೈಯ ಪಕ್ಕದಲ್ಲಿಟ್ಟು.

ವಿರೋಧ

ಆ 41 ಕೋಟಿಯನ್ನು ಬಿಡಿಸಿ ನೋಡಿ. ಶೇಕಡ 30, ಅಂದರೆ 12.3 ಕೋಟಿ ಡಾಲರ್ ವಕೀಲರಿಗೆ. ಉಳಿದದ್ದನ್ನು 1.3 ಕೋಟಿಗೂ ಹೆಚ್ಚು ಗ್ರಾಹಕರಿಗೆ ಹಂಚಿದರೆ ಸರಾಸರಿ ತಲೆಗೆ 22 ಡಾಲರ್. ಒಂದೇ ಒಂದು ಶುಲ್ಕಕ್ಕೂ ಸಾಲದು. ಪ್ರತಿಯಾಗಿ 2001ರಿಂದ 2011ರವರೆಗಿನ ಹತ್ತು ವರ್ಷದ ಬಾಬ್ತಿನ ಮೇಲೆ ಬ್ಯಾಂಕಿಗೆ ಬಿಡುಗಡೆ. ಫೀಸಿನ ಮಾತು ನನಗೆ ಅಷ್ಟು ದೊಡ್ಡದಲ್ಲ. ಸೋತಿದ್ದರೆ ಆ ವಕೀಲರಿಗೆ ಬಿಡಿಗಾಸೂ ಬರುತ್ತಿರಲಿಲ್ಲ. ದೊಡ್ಡ ನಷ್ಟ ಬೇರೆಯೇ ಇದೆ. ರಾಜಿಯಲ್ಲಿ ಸತ್ಯ ಹೊರಬರುವುದಿಲ್ಲ. ಕ್ಯಾಲಿಫೋರ್ನಿಯಾದ ಆ ಮೊಕದ್ದಮೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಚಾರಣೆಗೆ ಬಂದುದರಿಂದಲೇ ನ್ಯಾಯಾಧೀಶ ವಿಲಿಯಂ ಆಲ್ಸಪ್ ವೆಲ್ಸ್ ಫಾರ್ಗೊದ ಒಳಗಿನ ಕಾಗದಪತ್ರಗಳನ್ನು ಓದಿ, ದೊಡ್ಡ ಮೊತ್ತವನ್ನು ಮೊದಲು ಕಳೆಯುವ ಕ್ರಮವನ್ನು ತಂದದ್ದು ಶುಲ್ಕ ಹೆಚ್ಚಿಸಿಕೊಳ್ಳಲೆಂದೇ ಎಂದು ತೀರ್ಪಿನಲ್ಲಿ ಬರೆಯಲು ಆಯಿತು. ಮಯಾಮಿಯಲ್ಲಿ ರಾಜಿ ಮಾಡಿಕೊಂಡ ಬ್ಯಾಂಕುಗಳ ಬಗ್ಗೆ ಅಂಥ ತೀರ್ಪಿಲ್ಲ. ಅವುಗಳ ಪಾಲಿಗೆ ಇದು ವ್ಯಾಪಾರದ ಖರ್ಚಿನಲ್ಲಿ ಇನ್ನೊಂದು ಬಾಬ್ತು.

ರಾಜಿಯ ಹೆದರಿಕೆಯಿಂದ ಬ್ಯಾಂಕುಗಳು ತಿದ್ದಿಕೊಂಡವು ಎನ್ನುವುದಕ್ಕೂ ಆಧಾರ ಸಡಿಲ. ಎಟಿಎಂ ಮತ್ತು ಡೆಬಿಟ್ ಕಾರ್ಡಿನ ಖರ್ಚಿಗೆ ಗ್ರಾಹಕನ ಒಪ್ಪಿಗೆಯಿಲ್ಲದೆ ಈ ಶುಲ್ಕ ಹಾಕಬಾರದೆಂದು 2010ರಲ್ಲಿ ಜಾರಿಗೆ ಬಂದದ್ದು ಫೆಡರಲ್ ರಿಸರ್ವ್‌ನ ನಿಯಮ. ಈ ದೊಡ್ಡ ರಾಜಿಗಳು ಆಗಿಹೋದ ಎಷ್ಟೋ ವರ್ಷಗಳ ಮೇಲೆ, 2019ರಲ್ಲೂ ಬ್ಯಾಂಕುಗಳು ಓವರ್‌ಡ್ರಾಫ್ಟ್ ಮತ್ತು ಹಣವಿಲ್ಲದ ಚೆಕ್ಕಿನ ಶುಲ್ಕದಿಂದ ಸುಮಾರು 1,200 ಕೋಟಿ ಡಾಲರ್ ಎಣಿಸಿಕೊಂಡವು. 2023ರ ಹೊತ್ತಿಗೆ ಅದು 580 ಕೋಟಿಗೆ ಇಳಿಯಿತು. ನಡುವೆ ಆದದ್ದು, ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಈ ಶುಲ್ಕದ ಮೇಲೆ ಕಣ್ಣಿಟ್ಟದ್ದು, ಕ್ಯಾಪಿಟಲ್ ಒನ್ ಮತ್ತು ಸಿಟಿ ಅದನ್ನು ಪೂರ್ತಿ ಕೈಬಿಟ್ಟದ್ದು, ಬ್ಯಾಂಕ್ ಆಫ್ ಅಮೆರಿಕ 35ರಿಂದ 10 ಡಾಲರಿಗೆ ಇಳಿಸಿದ್ದು.

ನಿಯಮವನ್ನೇ ನೆಚ್ಚಿಕೊಳ್ಳಬಹುದೇ ಎಂದು ಪರದವರು ಕೇಳಿದರೆ ಉತ್ತರ ಕಷ್ಟ. ದೊಡ್ಡ ಬ್ಯಾಂಕುಗಳ ಶುಲ್ಕವನ್ನು 5 ಡಾಲರಿಗೆ ಕಟ್ಟಿಹಾಕಲು ಅದೇ ಸಂಸ್ಥೆ 2024ರ ಡಿಸೆಂಬರಿನಲ್ಲಿ ಮಾಡಿದ ನಿಯಮವನ್ನು ಕಾಂಗ್ರೆಸ್ ರದ್ದುಮಾಡಿತು. 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಆದರೆ ರಾಜಿಯ ದಾರಿಯೂ ಅದೇ ಕಾಂಗ್ರೆಸ್ಸಿನ ಕೈಯಲ್ಲೇ ಇದೆ. ಸಾಮೂಹಿಕ ದಾವೆಯನ್ನು ಮುಚ್ಚಿಹಾಕುವ ಮಧ್ಯಸ್ಥಿಕೆ ಕಲಮುಗಳಿಗೆ 2011ರಲ್ಲಿ ಸುಪ್ರೀಂ ಕೋರ್ಟ್ ಬಲ ಕೊಟ್ಟಿತ್ತು. ಆ ಕಲಮುಗಳಿಗೆ ತಡೆ ಹಾಕುವ ನಿಯಮವನ್ನು 2017ರ ಅಕ್ಟೋಬರಿನಲ್ಲಿ ಸೆನೆಟ್ 51-50ರಿಂದ ಕೆಡವಿತು. ಕೊನೆಯ ಮತ ಉಪಾಧ್ಯಕ್ಷ ಮೈಕ್ ಪೆನ್ಸ್ ಅವರದು. ಖಾತೆಯ ಕರಾರಿನಲ್ಲಿ ಆ ಕಲಮು ಇರುವ ಗ್ರಾಹಕನಿಗೆ 22 ಡಾಲರಿನ ರಾಜಿಯೂ ಕೈಗೆಟುಕುವುದು ಅನುಮಾನ.