ಬೀಡಿ ಲೇಬಲಿಗಿರುವ ಕಾವಲು ವಿದ್ಯೆಗೆ ಬೇಡವೇ?

ಕದ್ರಿ ಗುಡ್ಡದ ಸುತ್ತಿನ ರಸ್ತೆಗಳಲ್ಲಿ ವಿದ್ಯಾಸಂಸ್ಥೆಗಳ ಬೋರ್ಡುಗಳಿಗೆ ಬರಗಾಲವಿಲ್ಲ. ಬೀಡಿ ಕಟ್ಟುವ ತಾಯಿ, ಹಂಚಿನ ಕಾರ್ಖಾನೆಯಲ್ಲಿ ಬೆವರು ಸುರಿಸಿದ ತಂದೆ, ಕಿರಾಣಿ ಅಂಗಡಿಯ ಮಾಲಿಕ ಇವರೆಲ್ಲ ಆ ಬೋರ್ಡಿನಲ್ಲಿ ಹುಡುಕುವುದು ಒಂದೇ ಮಾತು: ‘ಯೂನಿವರ್ಸಿಟಿ’. ಅದನ್ನು ನಂಬಿ ಸಾಲ ಮಾಡಿ ಫೀಸು ಕಟ್ಟುತ್ತಾರೆ. ಆ ಮಾತಿಗೆ ಕಾವಲು ಯಾರು?

ವ್ಯಾಪಾರಿಯ ಹೆಸರಿಗೆ ಕಾವಲುಂಟು. 1999ರ ಟ್ರೇಡ್ ಮಾರ್ಕ್ ಕಾಯಿದೆಯಂತೆ ಬೀಡಿಯ ಲೇಬಲು 34ನೆಯ ವರ್ಗದಲ್ಲಿ ನೋಂದಣಿಯಾಗುತ್ತದೆ. ವಿಶ್ವವಿದ್ಯಾನಿಲಯವೂ ತನ್ನ ಹೆಸರನ್ನು, ಲಾಂಛನವನ್ನು ಶಿಕ್ಷಣಕ್ಕೆ ಮೀಸಲಾದ 41ನೆಯ ವರ್ಗದಲ್ಲಿ ನೋಂದಾಯಿಸಿಕೊಳ್ಳಬಹುದು. ಮಾರ್ಕನ್ನು ನಕಲು ಮಾಡಿದವನಿಗೆ 103ನೆಯ ಕಲಮಿನಂತೆ ಆರು ತಿಂಗಳಿಂದ ಮೂರು ವರ್ಷದ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ಆದರೆ ‘ವಿಶ್ವವಿದ್ಯಾನಿಲಯ’ ಎಂಬ ಪದ ಯಾವೊಬ್ಬ ಧಣಿಯ ಸೊತ್ತೂ ಅಲ್ಲ; ಅದು ಸಮಾಜದ ಸೊತ್ತು. ಕೇಂದ್ರದ ಅಥವಾ ರಾಜ್ಯದ ಕಾಯಿದೆಯಿಂದ ಸ್ಥಾಪನೆಯಾಗದ ಸಂಸ್ಥೆ ಆ ಪದವನ್ನು ತನ್ನ ಹೆಸರಿಗೆ ಸೇರಿಸಬಾರದೆಂದು 1956ರ ಯು.ಜಿ.ಸಿ. ಕಾಯಿದೆಯ 23ನೆಯ ಕಲಮು ವಿಧಿಸಿತು. ಮೀರಿದರೆ? 24ನೆಯ ಕಲಮಿನಲ್ಲಿ ಬರೆದ ದಂಡ 1,000 ರೂಪಾಯಿವರೆಗೆ! ಲೇಬಲು ಕದ್ದವನಿಗೆ ಸೆರೆಮನೆ, ಬಡವನ ಮಗಳ ಭವಿಷ್ಯ ಕದ್ದವನಿಗೆ ಒಂದು ಸಾವಿರ. ವಂಚನೆಯ ಮೊಕದ್ದಮೆಯನ್ನು ಬೇರೆ ಹೂಡಬಹುದು, ನಿಜ. ಅದು ಹಣವೂ ವರ್ಷಗಳೂ ಹೋದ ಮೇಲಿನ ಮಾತು.

2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ನೆನಪಿಸಿತು. ನಾಲ್ಕು ಡೀಮ್ಡ್ ಸಂಸ್ಥೆಗಳು ಅಂಚೆಯ ಮೂಲಕ ಇಂಜಿನಿಯರಿಂಗ್ ಪದವಿ ಹಂಚಿದ ಮೊಕದ್ದಮೆ ಅದು. ಹಲವು ತಂಡಗಳ ಪದವಿಗಳೇ ರದ್ದಾದವು. ಫೀಸು ಹಿಂದಿರುಗಿಸಲು ಆಜ್ಞೆಯಾಯಿತು. ಅದೇ ತೀರ್ಪಿನ ಮೇಲೆ ದೇಶದ 123 ಡೀಮ್ಡ್ ಸಂಸ್ಥೆಗಳಿಗೆ ಹೆಸರಿನಿಂದ ಆ ಪದ ತೆಗೆಯಲು ಯು.ಜಿ.ಸಿ. ತಿಳಿಸಿತು. ನಮ್ಮ ನೆರೆಯ ಮಣಿಪಾಲದ ಯೂನಿವರ್ಸಿಟಿಯೂ ‘ಅಕಾಡೆಮಿ’ ಎಂಬ ಹಳೆಯ ಹೆಸರಿಗೆ ಮರಳಿತು. ಡೀಮ್ಡ್ ಸಂಸ್ಥೆಗಳ ಪದವಿಯೆಲ್ಲ ಸುಳ್ಳೆಂದು ಇದರ ಅರ್ಥವಲ್ಲ. ಹೆಸರು ಇದ್ದುದನ್ನು ಇದ್ದಂತೆ ಹೇಳಬೇಕು, ಅಷ್ಟೇ.

ಸರಕಾರದ ವಿಶ್ವವಿದ್ಯಾನಿಲಯಗಳಿಗೂ ನಮ್ಮದೊಂದು ಮಾತಿದೆ. 1980ರಲ್ಲಿ ಹುಟ್ಟಿದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಕಾಲೇಜುಗಳಿಗೆ ಸಂಯೋಜನೆ ಕೊಡುವುದೆಂದರೆ ತನ್ನ ಹೆಸರನ್ನು ಎರವಲು ಕೊಟ್ಟಂತೆ. ಬೀಡಿ ಕಂಪೆನಿ ಲೇಬಲು ಹಚ್ಚುವ ಮೊದಲು ಕಟ್ಟು ಬಿಚ್ಚಿ ನೋಡುತ್ತದೆ. ಸರಿಯಿಲ್ಲದ ಬೀಡಿಯನ್ನು ಕೆಲಸಗಾರ್ತಿಯ ಮುಖಕ್ಕೇ ಎಸೆಯುತ್ತದೆ. ಅಧ್ಯಾಪಕರು, ಪ್ರಯೋಗಶಾಲೆ, ಪುಸ್ತಕ ಇಲ್ಲದ ಕಾಲೇಜನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಡವೇ?

ನಮ್ಮ ಬೇಡಿಕೆಗಳು ಮೂರು. ಸುಳ್ಳು ಹೆಸರಿನ ದಂಡ ಕನಿಷ್ಠ ಸುಳ್ಳು ಲೇಬಲಿನ ದಂಡಕ್ಕಾದರೂ ಸಮನಾಗಲಿ. ಮಾನ್ಯತೆಯ ಆಧಾರವೂ ಅವಧಿಯೂ ಪ್ರತಿ ಕಾಲೇಜಿನ ಬಾಗಿಲಲ್ಲಿ ಕನ್ನಡದಲ್ಲಿ ತೂಗಲಿ. ಮೋಸಹೋದ ವಿದ್ಯಾರ್ಥಿಗೆ ಫೀಸು ಪೂರ್ತಿ ಮರಳಲಿ.

ಅಲ್ಲಿಯತನಕ ವಾಚಕ ಬಂಧುಗಳು ಫೀಸು ಎಣಿಸುವ ಮೊದಲು ಯು.ಜಿ.ಸಿ.ಯ ಪಟ್ಟಿಯಲ್ಲಿ ಹೆಸರು ನೋಡಲಿ. ಅಕ್ಕಿ ಕೊಳ್ಳುವಾಗ ಒಂದು ಹಿಡಿ ತೆಗೆದು ನೋಡುವವರು ನಾವು; ಮಕ್ಕಳ ಬದುಕಿನ ವಿಷಯದಲ್ಲಿ ಬೋರ್ಡು ನೋಡಿ ಮರುಳಾಗುವುದು ಬೇಡ.