ತೂಗಿದ್ದು ಏನನ್ನು?

ಮಾನ್ಯ ಸಂಪಾದಕರೆ,

ಮುಸುಕಿನ ಜೋಳದ ಸಾಲುಗಳ ನಡುವೆ ಮರೆಯಾಗಿ ಬೆಳೆದಿದ್ದ ಗಿಡಗಳನ್ನು ಪೊಲೀಸರು ಬೇರುಸಹಿತ ಕಿತ್ತು, ಹಸಿಯಾಗಿರುವಾಗಲೇ ಮೂಟೆ ಕಟ್ಟಿ ತೂಗಿ, ಬಂದ ತೂಕವನ್ನೇ ‘ಇಷ್ಟು ಕಿಲೋ ಗಾಂಜಾ ಸೊಪ್ಪು ವಶ’ ಎಂದು ಪ್ರಕಟಣೆ ಹೊರಡಿಸಿದರೆ, ಅದನ್ನು ಒಂದಕ್ಷರವೂ ಕದಲದಂತೆ ಅಚ್ಚಿಗೆ ಇಳಿಸುವ ಪದ್ಧತಿ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಬೇರೂರಿದೆ. ತಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ. ಪತ್ರಿಕೋದ್ಯಮದ ವಿದ್ಯಾರ್ಥಿಯಾದ ನಾನೂ ಅದರಲ್ಲಿ ದೋಷವೇನೆಂದು ಕೇಳಿಕೊಂಡವನಲ್ಲ. ಈಚೆಗೆ, ಕುತೂಹಲವೊಂದನ್ನುಳಿದು ಬೇರೆ ಕಾರಣವಿಲ್ಲದೆ, ಗಾಂಜಾ ವಿಷಯಕವಾದ ವರದಿಗಾರಿಕೆಯನ್ನು ಬೋಧಿಸುವ ಕೆಲವೇ ವಾರಗಳ ಶಿಕ್ಷಣಕ್ರಮವೊಂದನ್ನು ಮುಗಿಸಿದ ಮೇಲೆ, ‘ಗಾಂಜಾ ಸೊಪ್ಪು’ ಎಂಬ ಎರಡು ಪದಗಳ ಜೋಡಣೆಯೇ ನನ್ನನ್ನು ಕಾಡತೊಡಗಿತು. (ಈ ಶಿಕ್ಷಣಕ್ರಮದ ಹೆಸರು ಕೇಳಿ ತಾಯಿ ಗಾಬರಿಗೊಂಡುದೂ, ಊರಿನ ಹಿರಿಯರೊಬ್ಬರು ‘ಅದಕ್ಕೂ ಈಗ ಸರ್ಟಿಫಿಕೇಟು ಕೊಡುತ್ತಾರೆಯೆ?’ ಎಂದು ನಕ್ಕುದೂ ಬೇರೆಯ ಕಥೆ.)

ಎನ್‌ಡಿಪಿಎಸ್ ಎಂಬ ಹ್ರಸ್ವನಾಮದಿಂದ ನಿತ್ಯವೂ ತಮ್ಮ ಪುಟಗಳಲ್ಲಿ ಕಾಣುವ 1985ರ ಮಾದಕವಸ್ತು ಕಾಯಿದೆಯು ಗಾಂಜಾ ಎಂಬುದಕ್ಕೆ ಕೊಟ್ಟಿರುವ ಲಕ್ಷಣ ಸ್ಪಷ್ಟವಾಗಿದೆ: ಗಿಡದ ಹೂಬಿಟ್ಟ ಅಥವಾ ಕಾಯಿಗಟ್ಟಿದ ತುದಿಗಳು ಮಾತ್ರವೇ ಗಾಂಜಾ, ಆ ತುದಿಗಳೊಡನೆ ಕೂಡಿರದ ಎಲೆಯೂ ಬೀಜವೂ ಗಾಂಜಾ ಅಲ್ಲ. ಎಂದರೆ, ಬರಿಯ ಸೊಪ್ಪನ್ನು ಕಾಯಿದೆಯೇ ಹೊರಗಿರಿಸಿದೆ. ನಾವು ಮಾತ್ರ ಸೊಪ್ಪೆಂದೇ ಬರೆಯುತ್ತೇವೆ. ಇದು ಪದಗಳ ಜಗಳವಲ್ಲ. ಗಿಡ ಬೆಳೆದ ಅಪರಾಧಕ್ಕೆ ತೂಕದ ಹಂಗಿಲ್ಲವೆಂಬುದೂ, ಅದಕ್ಕೆ ಹತ್ತು ವರ್ಷಗಳವರೆಗೆ ಸೆರೆವಾಸವಿದೆಯೆಂಬುದೂ ನಿಜ. ಆದರೆ ಗಾಂಜಾವನ್ನು ಇಟ್ಟುಕೊಂಡ, ಸಾಗಿಸಿದ, ಮಾರಿದ ಆರೋಪದಲ್ಲಿ ಒಂದು ಕಿಲೋವರೆಗಿನದು ಅಲ್ಪ ಪ್ರಮಾಣವೆಂದೂ, ಇಪ್ಪತ್ತು ಕಿಲೋಗೆ ಮಿಕ್ಕಿದ್ದು ವಾಣಿಜ್ಯ ಪ್ರಮಾಣವೆಂದೂ ಗಣಿಸಲ್ಪಟ್ಟು, ಮೊದಲನೆಯದಕ್ಕೆ ಹೆಚ್ಚೆಂದರೆ ಒಂದು ವರ್ಷ, ಎರಡನೆಯದಕ್ಕೆ ಕಡಮೆಯೆಂದರೆ ಹತ್ತು ವರ್ಷ ಶಿಕ್ಷೆ ನಿಗದಿಯಾಗಿರುವಾಗ, ಬೇರು, ಕಾಂಡ, ಎಲೆ, ಮಣ್ಣುಗಳನ್ನೆಲ್ಲ ತಕ್ಕಡಿಗೆ ಹಾಕಿದರೋ ತುದಿಗಳನ್ನು ಮಾತ್ರ ಹಾಕಿದರೋ ಎಂಬುದರ ಮೇಲೆ ಮನುಷ್ಯನೊಬ್ಬನ ಯೌವನವೇ ನಿಂತಿರುತ್ತದೆ.

ನಮ್ಮ ಶಿಡ್ಲಘಟ್ಟದ ಸೀಮೆಯಲ್ಲಿ ಸೊಪ್ಪೆಂದರೆ ಹಿಪ್ಪುನೇರಳೆಯ ಸೊಪ್ಪು. ನಾಲ್ಕನೆಯ ಜ್ವರದಿಂದೆದ್ದ, ಎಂದರೆ ನಾಲ್ಕನೆಯ ಬಾರಿ ಪೊರೆ ಕಳಚಿದ, ರೇಷ್ಮೆಹುಳು ಹಗಲಿರುಳೆನ್ನದೆ ಮೇಯುವ ದಿನಗಳಲ್ಲಿ ಸ್ವಂತ ತೋಟದ ಸೊಪ್ಪು ಸಾಲದೆ ನೆರೆಯವರಲ್ಲಿ ಕೊಳ್ಳಬೇಕಾಗಿ ಬಂದಾಗ, ಎಲೆಯೆಷ್ಟು, ಕಡ್ಡಿಯೆಷ್ಟು, ಮೇಲೆ ನಿಂತ ಇಬ್ಬನಿಯ ನೀರೆಷ್ಟು ಎಂದು ಎತ್ತಿ ನೋಡದೆ ಹಣ ಕೊಡುವ ರೈತ ದಿಬ್ಬೂರಹಳ್ಳಿಯಲ್ಲಿ ಒಬ್ಬನೂ ಇಲ್ಲ. ತಮ್ಮ ಪತ್ರಿಕೆಯಾದರೂ ಶಿಡ್ಲಘಟ್ಟದ ಗೂಡಿನ ಧಾರಣೆಯನ್ನು ಅಚ್ಚುಮಾಡುವಾಗ ಮಿಶ್ರತಳಿ ಬೇರೆ, ದ್ವಿತಳಿ ಬೇರೆ, ಕನಿಷ್ಠ, ಗರಿಷ್ಠ, ಸರಾಸರಿ ಬೇರೆಬೇರೆ ಎಂದು ರೂಪಾಯಿಯವರೆಗೆ ನಿಖರವಾಗಿ ಕೊಡುತ್ತದೆ. ಒಂದು ದಿನ ತಪ್ಪಾದರೆ ಮಾರನೆಯ ಬೆಳಗ್ಗೆಯೇ ರೈತರ ಬಾಯಿಗೆ ಬೀಳಬೇಕಾದೀತೆಂಬ ಭಯ ಅಲ್ಲಿದೆ. ಗಾಂಜಾ ಸುದ್ದಿಯಲ್ಲಿ ಆ ಭಯವಿಲ್ಲ, ಏಕೆಂದರೆ ತೂಕ ತಪ್ಪೆಂದು ಹೇಳತಕ್ಕವನು ಸೆರೆಯಲ್ಲಿರುತ್ತಾನೆ.

ನಾನು ಮುಗಿಸಿದ ಆ ಶಿಕ್ಷಣಕ್ರಮದ ಬಹುಭಾಗ ಅಮೆರಿಕದ ಕಥೆಯೇ ಆಗಿತ್ತು. 2014ರ ಜನವರಿ ಒಂದರಂದು ಕೊಲರಾಡೊ ರಾಜ್ಯದಲ್ಲಿ ಅಂಗಡಿ ಮಾರಾಟ ಆರಂಭವಾಗುವ ಹೊತ್ತಿಗೆ ಅಲ್ಲಿನ ‘ಡೆನ್ವರ್ ಪೋಸ್ಟ್’ ಪತ್ರಿಕೆ ಈ ವಿಷಯಕ್ಕೆಂದೇ ಸಂಪಾದಕರೊಬ್ಬರನ್ನು ನೇಮಿಸಿದ್ದು ನನಗೆ ವಿಸ್ಮಯವನ್ನುಂಟುಮಾಡಿತಾದರೂ, ಸುದ್ದಿಯ ಪಕ್ಕದಲ್ಲೇ ಸರಕಿನ ರುಚಿ-ಗುಣಗಳ ವಿಮರ್ಶೆಯೂ ಹೊರಡುತ್ತಿದ್ದುದನ್ನು ಓದಿ, ಇದು ವಾರ್ತೆಯೋ ವ್ಯಾಪಾರವೋ ಎಂಬ ಸಂದೇಹ ಹುಟ್ಟದಿರಲಿಲ್ಲ. ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ನಮ್ಮದೇ ದೇಶದ ಹಳೆಯ ದಾಖಲೆ. 1893ರಲ್ಲಿ ಬ್ರಿಟಿಷ್ ಸರಕಾರ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗವು ಸಾವಿರಕ್ಕೂ ಮಿಕ್ಕಿದ ಸಾಕ್ಷಿಗಳನ್ನು ವಿಚಾರಿಸಿ, ಗಾಂಜಾ ಸೇದಿ ಹುಚ್ಚರಾದರೆಂದು ಆಸ್ಪತ್ರೆಗಳ ದಫ್ತರಿನಲ್ಲಿ ಬರೆದಿದ್ದ ಪ್ರಕರಣಗಳನ್ನು ಮರಳಿ ಪರೀಕ್ಷಿಸಿದಾಗ, ಅವುಗಳಲ್ಲಿ ಬಹಳಷ್ಟಕ್ಕೆ ಆ ಕಾರಣವನ್ನು ತಕ್ಕ ವಿಚಾರಣೆಯಿಲ್ಲದೆ ಬರೆದಿದ್ದುದು ಹೊರಬಿತ್ತು. ಪರಕೀಯ ಪ್ರಭುತ್ವದ, ಅಬಕಾರಿ ವರಮಾನದ ಮೇಲೂ ಕಣ್ಣಿದ್ದ ಆಯೋಗವದು. ಆದರೂ ಒಬ್ಬನು ಹೇಳಿದ್ದನ್ನು ಇನ್ನೊಬ್ಬನಲ್ಲಿ ಕೇಳಿ ನೋಡುವ ತಾಳ್ಮೆ ಅದಕ್ಕಿತ್ತು. ನಮ್ಮ ವರದಿಗಳಲ್ಲಿಯಾದರೋ ಹೇಳುವವರು ಒಬ್ಬರೇ, ಠಾಣೆಯವರು.

ನನ್ನನ್ನು ಗಾಂಜಾದ ವಕೀಲನೆಂದು ದಯವಿಟ್ಟು ಭಾವಿಸಬಾರದು. ಅದರ ಚಟಕ್ಕೆ ಬಿದ್ದು ಓದು ಬಿಟ್ಟ ಗೆಳೆಯರನ್ನು ನಾನು ಕಂಡಿದ್ದೇನೆ. ಅಂಥವರು ತಾವಾಗಿಯೇ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಲು ಅದೇ ಕಾಯಿದೆಯ 64ಎ ಕಲಮಿನಲ್ಲಿ ಅವಕಾಶವಿದೆಯೆಂಬುದನ್ನು ‘ಗಾಂಜಾ ಘಾಟು’, ‘ಗಾಂಜಾ ಗಮ್ಮತ್ತು’ ಎಂಬ ಪ್ರಾಸದ ಶೀರ್ಷಿಕೆಗಳ ಕೆಳಗೆ ನಾನಂತೂ ಒಮ್ಮೆಯೂ ಓದಿಲ್ಲ. ಇನ್ನೊಂದೆಡೆ, ಯಾದಗಿರಿ ಜಿಲ್ಲೆಯ ತಿಂಥಿಣಿಯ ಮೌನೇಶ್ವರನ ಸನ್ನಿಧಿಯಲ್ಲಿ ಇದೇ ವಸ್ತು ಪ್ರಸಾದವೆನಿಸಿದೆ; 2022ರಲ್ಲಿ ನಮ್ಮ ಹೈಕೋರ್ಟು, ಜಾಮೀನು ಅರ್ಜಿಯೊಂದನ್ನು ಮನ್ನಿಸುತ್ತ, ಅದೇ ಗಿಡದ ಎಲೆಯಿಂದ ಮಾಡುವ ಭಂಗಿಯನ್ನು ಈ ಕಾಯಿದೆ ನಿಷೇಧಿಸಿಲ್ಲವೆಂದಿತು. ಇಷ್ಟು ತೊಡಕಿನ ವಿಷಯಕ್ಕೆ ಎರಡು ಅಂಗುಲದ ಠಾಣಾವಾರ್ತೆ ಸಾಲದು.

ನಾನು ಬಲ್ಲ ಹುಡುಗನೊಬ್ಬನು ಮೂಟೆಯ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತ ಚಿತ್ರವನ್ನು ಪತ್ರಿಕೆಯೊಂದು ಪ್ರಕಟಿಸಿತು. ವರ್ಷಗಳ ಮೇಲೆ ನ್ಯಾಯಾಲಯ ಅವನನ್ನು ಬಿಟ್ಟಿತು. ಆ ಸುದ್ದಿ ಯಾವ ಪುಟದಲ್ಲಿಯೂ ಬರಲಿಲ್ಲ. ಅವನ ತಾಯಿ ಆ ಹಳೆಯ ತುಣುಕನ್ನು ಹರಿದೆಸೆದರೂ ಊರಿನವರ ಮೊಬೈಲುಗಳಲ್ಲಿ ಚಿತ್ರ ಇನ್ನೂ ಇದೆ.

ತಮ್ಮಲ್ಲಿ ನನ್ನ ಬಿನ್ನಹ ದೊಡ್ಡದೇನಲ್ಲ. ಮುಂದಿನ ಸಲ ಮೂಟೆಯ ಚಿತ್ರ ಕಚೇರಿಗೆ ಬಂದಾಗ, ತೂಗಿದ್ದು ಏನನ್ನು, ಹಸಿಯೋ ಒಣಗಿದ್ದೋ, ತುದಿಗಳನ್ನು ಬೇರ್ಪಡಿಸಿದರೋ ಇಲ್ಲವೋ ಎಂದು ತಮ್ಮ ವರದಿಗಾರರು ಠಾಣೆಗೆ ಒಂದು ಫೋನು ಮಾಡಿ ಕೇಳಲಿ. ಉತ್ತರ ದೊರೆಯದಿದ್ದರೆ, ದೊರೆಯಲಿಲ್ಲವೆಂದೇ ಅಚ್ಚುಮಾಡಲಿ.

ಇತಿ ತಮ್ಮ ವಿಶ್ವಾಸಿ,
ಓರ್ವ ಪತ್ರಿಕೋದ್ಯಮ ವಿದ್ಯಾರ್ಥಿ
ದಿಬ್ಬೂರಹಳ್ಳಿ, ಶಿಡ್ಲಘಟ್ಟ ತಾಲ್ಲೂಕು