ಬಂಬಿನ ಮನೆಗೂ ಕಾವಲು ಬೇಕು

ಬೆಂಕಿ ಬಿದ್ದಾಗ ನಾವೆಲ್ಲ ಮೊದಲು ನೆನೆಯುವುದು ಬಂಬ್ ಗಾಡಿಯನ್ನು. ಆ ಗಾಡಿ ನಿಂತಿರುವ ಅಗ್ನಿಶಾಮಕ ಠಾಣೆಯನ್ನು ನೆನೆಯುವವರು ಕಡಿಮೆ. ರಸ್ತೆಯ ಅಂಚಿನಲ್ಲಿ ಹಗಲಿರುಳು ಸಿದ್ಧವಾಗಿ ನಿಂತಿರುವ ಆ ಕಟ್ಟಡಕ್ಕೇ ಒಂದು ಲಾರಿ ನುಗ್ಗಿದರೆ ಊರಿನ ಗತಿಯೇನು? ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರೂ ಊರುಗಳ ಕಾರ್ಮಿಕ ಬಂಧುಗಳ ಮುಂದೆ ಈ ಪ್ರಶ್ನೆಯನ್ನು ಇಡುತ್ತಿದ್ದೇವೆ.

ಇದು ಇಂಜಿನಿಯರರ ವಿಷಯ, ನಮಗೇಕೆ ಎಂದು ಯಾರೂ ಪುಟ ತಿರುವಬಾರದು. ಇಚಲಕರಂಜಿಯ ವಿದ್ಯುತ್ ಮಗ್ಗಗಳ ಶೆಡ್ಡುಗಳಲ್ಲಿ ನೂಲಿನ ಧೂಳು, ಹತ್ತಿಯ ಕಸ ಇದ್ದೇ ಇರುತ್ತದೆ. ಒಂದು ಕಿಡಿ ಬಿದ್ದರೆ ಸಾಕು, ರಾತ್ರಿ ಪಾಳಿಯವರ ಜೀವ ನಿಮಿಷಗಳ ಲೆಕ್ಕಕ್ಕೆ ಬರುತ್ತದೆ. ಗಡಹಿಂಗ್ಲಜದ ಕಡೆ ಕಬ್ಬಿನ ಸಿಪ್ಪೆಯ ರಾಶಿಗೆ ಬೆಂಕಿ ತಗಲುವ ಭಯ. ಕೊಲ್ಹಾಪುರದಲ್ಲಿ 1915ರಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಕೇಶವರಾವ್ ಭೋಸಲೆ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ ಉರಿದುಹೋದದ್ದನ್ನು ಯಾರು ಮರೆತಾರು? ಪಂಚಗಂಗೆ ಉಕ್ಕಿ ಹರಿದ 2019 ಮತ್ತು 2021ರಲ್ಲಿ ಜನರನ್ನು ನೀರಿನಿಂದ ಹೊರತಂದವರಲ್ಲಿಯೂ ಅಗ್ನಿಶಾಮಕ ದಳದವರು ಇದ್ದರು. ಅವರೂ ಕಾರ್ಮಿಕರೇ. ಠಾಣೆಯೇ ಅವರ ಕಾರ್ಖಾನೆ.

ಬೇರೆ ಕಟ್ಟಡಕ್ಕೆ ಕಾಂಪೌಂಡ್ ಗೋಡೆ ಹಾಕಿ ಗೇಟು ಬಿಗಿಯಬಹುದು. ಅಗ್ನಿಶಾಮಕ ಠಾಣೆಗೆ ಹಾಗೆ ಮಾಡಲಾಗದು. ಗಾಡಿ ಒಂದೇ ಓಟಕ್ಕೆ ರಸ್ತೆಗೆ ಇಳಿಯಬೇಕು, ಆದ್ದರಿಂದ ಅದರ ಎದೆ ರಸ್ತೆಗೆ ತೆರೆದೇ ಇರುತ್ತದೆ. ಅಗಲವಾದ ಬಾಗಿಲುಗಳ ನಡುವಿನ ಕಂಬಗಳ ಮೇಲೆಯೇ ಮಾಳಿಗೆಯ ಭಾರ. ಹಾದಿ ತಪ್ಪಿದ ವಾಹನ ಬಂದು ಗುದ್ದಿದರೆ ಒಂದು ಶಟರ್ ಸೊಟ್ಟಗಾದರೂ ಸಾಕು, ಒಳಗಿನ ಗಾಡಿ ಒಳಗೇ ಬಂದಿ. ಅಂಗಡಿಗೆ ಲಾರಿ ನುಗ್ಗಿದರೆ ನಷ್ಟ ಅಂಗಡಿಯವನದು. ಠಾಣೆಗೆ ನುಗ್ಗಿದರೆ ನಷ್ಟ ಇಡೀ ಊರಿನದು. ಬಾಗಿಲ ಮುಂದೆ ಪೈಪು ತೊಳೆಯುತ್ತಲೋ, ಗಾಡಿ ಒರೆಸುತ್ತಲೋ ಇರುವ ನೌಕರನ ಜೀವವಂತೂ ಲೆಕ್ಕಕ್ಕೆ ಸಿಗದ ನಷ್ಟ.

ಕಬ್ಬಿನ ಹಂಗಾಮು ಬಂತೆಂದರೆ ಅಪಾಯ ಇಮ್ಮಡಿ. ಎರಡೆರಡು ಟ್ರಾಲಿ ಕಟ್ಟಿಕೊಂಡು, ಹಿಂದೆ ಕೆಂಪು ದೀಪವೂ ಇಲ್ಲದೆ, ನಿದ್ದೆಗೆಟ್ಟ ಚಾಲಕರು ಓಡಿಸುವ ಟ್ರ್ಯಾಕ್ಟರುಗಳನ್ನು ನಾವು ನಿತ್ಯ ಕಾಣುತ್ತೇವೆ. ವೇಗ ಎರಡು ಪಾಲಾದರೆ ಗುದ್ದಿನ ಶಕ್ತಿ ನಾಲ್ಕು ಪಾಲಾಗುತ್ತದೆ. ಬಣ್ಣ ಬಳಿದ ಡ್ರಮ್ಮು, ಹೂವಿನ ಕುಂಡ ಇಂಥ ಭಾರವನ್ನು ತಡೆಯಲಾರವು. ಕಟ್ಟಡದ ಮುಂದಿನ ತಡೆಗಂಬಗಳನ್ನು ಪರೀಕ್ಷಿಸಲು ಅಮೆರಿಕದ ಎ.ಎಸ್.ಟಿ.ಎಂ. ಸಂಸ್ಥೆ 2014ರಲ್ಲಿ ಒಂದು ಮಾನದಂಡವನ್ನೇ ಹೊರಡಿಸಿತು. ಅದರಂತೆ ಸುಮಾರು 5,000 ಪೌಂಡ್ ತೂಕದ ವಾಹನವನ್ನು ಗಂಟೆಗೆ 10, 20, 30 ಮೈಲಿ ವೇಗದಲ್ಲಿ ಗುದ್ದಿಸಿ ನೋಡುತ್ತಾರೆ. ನಮ್ಮ ಕಬ್ಬಿನ ಗಾಡಿಯ ತೂಕ ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಕಂಬವೂ ಗಟ್ಟಿ ಬೇಕು, ಗಾಡಿಯ ವೇಗವೂ ಮೊದಲೇ ಇಳಿಯಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ಒಂದನೆಯದಾಗಿ, ಬಾಗಿಲುಗಳ ಎರಡೂ ಮಗ್ಗುಲಿಗೆ, ನೌಕರರು ಕೂರುವ ಕೋಣೆಯ ಮುಂದೆ, ವಿದ್ಯುತ್ ಪೆಟ್ಟಿಗೆಯ ಮುಂದೆ, ಕಾಂಕ್ರೀಟ್ ತುಂಬಿದ ಉಕ್ಕಿನ ಕೊಳವೆಗಳನ್ನು ಆಳವಾದ ಪಾಯದಲ್ಲಿ ನಿಲ್ಲಿಸಬೇಕು. ಗಾಡಿ ತಿರುಗುವ ಜಾಗವನ್ನು ಚಾಲಕನನ್ನೇ ಕೇಳಿ ಗುರುತಿಸಿದ ಮೇಲೆ ಕಂಬ ನೆಡಬೇಕು. ಇಲ್ಲವಾದರೆ ಕಾವಲೇ ಅಡ್ಡಿಯಾದೀತು. ಎರಡನೆಯದಾಗಿ, ಠಾಣೆಯ ಮುಂದಿನ ರಸ್ತೆಯ ಮೇಲೆ ಹಳದಿ ಗೆರೆಗಳ ಚೌಕ ಬರೆದು, ಅಲ್ಲಿ ಯಾವ ವಾಹನವೂ ನಿಲ್ಲದಂತೆ ನೋಡಬೇಕು. ಫಲಕ ಮರಾಠಿಯಲ್ಲೂ ಕನ್ನಡದಲ್ಲೂ ಇರಲಿ, ಗಡಿಯಾಚೆಯ ಚಾಲಕರೂ ಓದಲಿ. ಮೂರನೆಯದಾಗಿ, ರಸ್ತೆಯ ಉಬ್ಬನ್ನು ಬಾಗಿಲಿನೆದುರೇ ಹಾಕದೆ ಎರಡೂ ಕಡೆ ದೂರದಲ್ಲಿ ಹಾಕಬೇಕು. 4,500 ಲೀಟರ್ ನೀರು ಹೊತ್ತ ಗಾಡಿಗೆ ನಾಲ್ಕೂವರೆ ಟನ್ ನೀರಿನದೇ ಭಾರ. ಹೊರಡುವಾಗಲೇ ಅದನ್ನು ಎತ್ತಿಹಾಕುವುದು ಸಲ್ಲದು. ನಾಲ್ಕನೆಯದಾಗಿ, ರಾತ್ರಿ ಹೊಳೆಯುವ ಪಟ್ಟಿ, ಒಳ್ಳೆಯ ದೀಪ, ತಿರುವಿನಲ್ಲಿ ಉಬ್ಬುಗನ್ನಡಿ, ಗಾಡಿ ಹೊರಡುವಾಗ ಹೊತ್ತಿಕೊಳ್ಳುವ ಕೆಂಪು ದೀಪ ಬೇಕು.

ಇಲ್ಲೊಂದು ಕಹಿ ಮಾತು. ಠಾಣೆಯ ಬಾಗಿಲಲ್ಲಿ ರಿಕ್ಷಾ, ಕೈಗಾಡಿ, ಟೆಂಪೊ ನಿಲ್ಲಿಸುವವರು ಬಹುಮಟ್ಟಿಗೆ ನಮ್ಮವರೇ. ದುಡಿಯುವವನ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ನಾವು ಅಧಿಕಾರಿಗಳಿಗೆ ಹೇಳುತ್ತ ಬಂದಿದ್ದೇವೆ, ಮುಂದೆಯೂ ಹೇಳುತ್ತೇವೆ. ಅವರಿಗೆ ಮೊದಲು ಬೇರೆ ಜಾಗ ತೋರಿಸಬೇಕು, ಆಮೇಲೆ ಎಬ್ಬಿಸಬೇಕು. ಆದರೆ ಜಾಗ ತೋರಿಸಿದ ಮೇಲೂ ಅಲ್ಲಿಯೇ ನಿಲ್ಲುತ್ತೇನೆ ಎನ್ನುವವನ ಪರವಾಗಿ ಸಂಘ ನಿಲ್ಲಬಾರದು. ಒಬ್ಬ ಕಾರ್ಮಿಕನ ಸವಾರಿಗಾಗಿ ಶೆಡ್ಡಿನಲ್ಲಿ ಸಿಕ್ಕಿಬಿದ್ದ ಇನ್ನೊಬ್ಬ ಕಾರ್ಮಿಕನು ಕಾಯುವಂತಾಗುವುದು ಯಾವ ನ್ಯಾಯ? ಬರುವ ಬಂಬಿಗೆ ದಾರಿ ಬಿಡದ ಚಾಲಕನಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಹೇಳುತ್ತದೆ. ಹೊರಡುವ ಬಂಬಿನ ಹೊಸ್ತಿಲಿಗೂ ಅದೇ ಮರ್ಯಾದೆ ಸಲ್ಲಬೇಕು.

ಹಣವಿಲ್ಲ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. ಕೆಲವು ಕಂಬ, ಕೆಲವು ಡಬ್ಬಿ ಬಣ್ಣದ ಬೆಲೆ ಒಂದು ಬಂಬ್ ಗಾಡಿಯ ಬೆಲೆಯ ಮುಂದೆ ಏನೇನೂ ಅಲ್ಲ. ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ನಗರಸಂಸ್ಥೆಗಳ ಕೆಲಸಗಳಲ್ಲಿ ಎಣಿಸಿದೆ. ಕೊಲ್ಹಾಪುರ 1972ರಿಂದ, ಇಚಲಕರಂಜಿ 2022ರಿಂದ ಮಹಾನಗರಪಾಲಿಕೆ; ಗಡಹಿಂಗ್ಲಜಕ್ಕೆ ನಗರಪರಿಷತ್ತು ಇದೆ. ಕೇಳಬೇಕಾದ ಬಾಗಿಲು ಯಾವುದೆಂಬ ಗೊಂದಲವಿಲ್ಲ.

ಇನ್ನೊಂದು ಮಾತು. ಮಹಾರಾಷ್ಟ್ರದ 2006ರ ಅಗ್ನಿ ತಡೆ ಕಾಯ್ದೆಯಂತೆ ಕಟ್ಟಡದ ಮಾಲೀಕರು ಪ್ರತಿ ವರ್ಷ ಜನವರಿ ಮತ್ತು ಜುಲೈಯಲ್ಲಿ ತಮ್ಮ ಅಗ್ನಿಶಾಮಕ ಸಾಧನಗಳು ಸರಿಯಿವೆ ಎಂಬ ಪ್ರಮಾಣಪತ್ರ ಕೊಡಬೇಕು. ಊರಿಗೆಲ್ಲ ಈ ಲೆಕ್ಕ ಕೇಳುವ ಠಾಣೆಯ ಹೊರಾಂಗಣವನ್ನೂ ಅದೇ ಎರಡು ತಿಂಗಳಲ್ಲಿ ಪರಿಶೀಲಿಸಬಾರದೇಕೆ? ಜನವರಿಯಲ್ಲಿ ಕಬ್ಬಿನ ಗಾಡಿಗಳ ಭರಾಟೆ, ಜುಲೈಯಲ್ಲಿ ಮಳೆ, ಜಾರುವ ರಸ್ತೆ. ಪರಿಶೀಲನೆಗೆ ಇದಕ್ಕಿಂತ ತಕ್ಕ ಕಾಲವಿಲ್ಲ. ಪರಿಶೀಲಿಸುವವರ ಜೊತೆ ಅಗ್ನಿಶಾಮಕ ನೌಕರರ ಒಬ್ಬ ಪ್ರತಿನಿಧಿಯೂ ಇರಬೇಕು.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು 66 ಅಗ್ನಿಶಾಮಕರು ಪ್ರಾಣ ಕೊಟ್ಟರು. ಅವರ ನೆನಪಿಗೆಂದು ಪ್ರತಿ ವರ್ಷ ಆ ದಿನದಿಂದ ಒಂದು ವಾರ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಹಾರ, ಭಾಷಣ ಆಗಲಿ, ಬೇಡವೆನ್ನುವುದಿಲ್ಲ. ಆದರೆ ಬರುವ ಸಪ್ತಾಹದೊಳಗೆ ಮೂರೂ ಊರುಗಳ ಘಟಕಗಳು ತಮ್ಮ ತಮ್ಮ ಠಾಣೆಗೆ ಹೋಗಿ, ಅಲ್ಲಿಯ ನೌಕರರನ್ನು ಕೇಳಿ, ಬೇಕಾದುದನ್ನು ಬರೆದುಕೊಂಡು, ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗಳಿಗೆ ಮನವಿ ಸಲ್ಲಿಸಬೇಕೆಂದು ನಮ್ಮ ಆಗ್ರಹದ ವಿನಂತಿ. ರಿಕ್ಷಾ ಚಾಲಕರ ಸಹಿ ಆ ಮನವಿಯಲ್ಲಿ ಮೊದಲು ಇರಲಿ.